ಬಿಸಿಲಿದ್ದರೂ ಫ್ಯಾನು ನಿಲ್ಲುವುದೇಕೆ?

ನಮಸ್ಕಾರ. ದಾವಣಗೆರೆಯ ನಿಮ್ಮ ಮನೆಯ ಚಾವಣಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೂ ಸುಡು ಮಧ್ಯಾಹ್ನ ಕರೆಂಟ್ ಹೋದೊಡನೆ ಫ್ಯಾನು ನಿಲ್ಲುತ್ತದೆ, ಗುತ್ತಿಗೆದಾರ ಟೋಪಿ ಹಾಕಿದನೇ ಎಂದು ಕೇಳಿದ್ದೀರಿ. ಬಿಲ್ಲಿನ ಬಗ್ಗೆಯೂ ಅನುಮಾನಪಟ್ಟಿದ್ದೀರಿ. ಪಾಪ, ಆತನ ತಪ್ಪಲ್ಲ. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಸೋಲಾರ್ ಇನ್ವರ್ಟರ್‌ನ (ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆಯ) ಸ್ವಭಾವವೇ ಅದು. ಕಂಬದ ತಂತಿಯ ವೋಲ್ಟೇಜನ್ನೂ 50 ಹರ್ಟ್ಸ್ ಆವರ್ತನವನ್ನೂ ನೋಡಿಕೊಂಡೇ ಅದು ಹೆಜ್ಜೆ ಹಾಕುತ್ತದೆ. ತಂತಿ ಸತ್ತರೆ ತಾನೂ ಕಣ್ಣು ಮುಚ್ಚುತ್ತದೆ. ಇಲ್ಲದಿದ್ದರೆ, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ವಿದ್ಯುತ್ತೇ ಹೊಡೆದೀತು.

ಕರೆಂಟ್ ಬಂದ ಮೇಲೂ ಅದು ತಕ್ಷಣ ಏಳುವುದಿಲ್ಲ. ನಮ್ಮ ಮನೆಯಲ್ಲಿ ಕೆಂಪು ದೀಪ ಒಂದೆರಡು ನಿಮಿಷ ಮಿನುಗಿ ಆಮೇಲೆ ಹಸಿರಾಗುತ್ತದೆ. ಮೊದಮೊದಲು ನಾನು ಹಾಲು ಉಕ್ಕುವುದನ್ನು ಕಾಯುವವನಂತೆ ಅದರ ಮುಂದೆಯೇ ನಿಂತಿರುತ್ತಿದ್ದೆ.

ಫ್ಯಾನು ತಿರುಗಲೇಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು. ದುಬಾರಿ. ಚಾವಣಿ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವಾಗುವ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಹಾಯಧನ ಬ್ಯಾಟರಿ ಸೇರಿಸಿದ ಮಾತ್ರಕ್ಕೆ ಹೆಚ್ಚುವುದೂ ಇಲ್ಲ. ಗಂಟೆ, ಎರಡು ಗಂಟೆ ಕರೆಂಟ್ ಹೋಗುವ ಬಡಾವಣೆಯಾದರೆ ಹಳೆಯ ಯುಪಿಎಸ್ಸೇ ಸಾಕು, ಗುಜರಿಗೆ ಹಾಕಬೇಡಿ.

ಬಿಲ್ಲಿನ ಅನುಮಾನಕ್ಕೆ ಒಂದು ಸುಲಭ ಪರೀಕ್ಷೆ: ಹೊಸ ಮೀಟರ್ ಒಳಬಂದ, ಹೊರಹೋದ ಯೂನಿಟ್‌ಗಳನ್ನು ಬೇರೆ ಬೇರೆ ತೋರಿಸುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸಿ ಒಂದು ಗಂಟೆ ನೋಡಿ. ಹೊರಹೋದ ಅಂಕಿ ಮಾತ್ರ ಏರಬೇಕು. ಏರದಿದ್ದರೆ ಮೀಟರಿನ ಫೋಟೋ ಸಹಿತ ಬೆಸ್ಕಾಂ ಉಪವಿಭಾಗ ಕಚೇರಿಗೆ ಲಿಖಿತ ದೂರು ಕೊಡಿ.