ಹೆಸರಿಗಷ್ಟೇ ಮೊದಲಿಗರಾ?

ಪ್ರಶ್ನೆ: ಅಮೆರಿಕದಲ್ಲಿ ನ್ಯಾಯಾಧೀಶರಾದ ಮೊದಲ ಕಪ್ಪು ಮಹಿಳೆ ಯಾರು? ಅವರಿಂದ ಏನಾದರೂ ಬದಲಾಯಿತಾ, ಇಲ್ಲ ಸುಮ್ನೆ ಹೆಸರಿಗಷ್ಟೇ ಮೊದಲಿಗರಾ?
– ಓದುಗರೊಬ್ಬರು, ಶಿರಸಿ

ಉತ್ತರ: ಜೇನ್ ಬೋಲಿನ್. ಹುಟ್ಟಿದ್ದು 1908ರಲ್ಲಿ, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ. ಅಪ್ಪನೂ ವಕೀಲರೇ. ಆದರೂ ಕಾಲೇಜಿನಲ್ಲಿ ದಾರಿ ತೋರಿಸಬೇಕಾದವರೇ ಕಪ್ಪು ಹುಡುಗಿಗೆ ವಕೀಲಿಕೆ ಬೇಡ ಅಂದುಬಿಟ್ಟರು. ಇವರು ಕೇಳಬೇಕಲ್ಲ! 1931ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಮೊದಲ ಕಪ್ಪು ಮಹಿಳೆಯಾದರು. 1939ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಲಾ ಗಾರ್ಡಿಯಾ ಬೋಲಿನ್‌ರನ್ನು ವಿಶ್ವ ಮೇಳಕ್ಕೆ ಕರೆಸಿದರು, ಕಾರಣ ಹೇಳಲಿಲ್ಲ. ಬೈಯೋಕೇ ಇರಬೇಕು ಅಂದುಕೊಂಡು ಹೋದರೆ ಅಲ್ಲೇ ಪ್ರಮಾಣವಚನ!

ಹೆಸರಿಗಷ್ಟೇ ಅಂತೂ ಅಲ್ಲ. ಅವರಿದ್ದದ್ದು ಸಂಸಾರ, ಮಕ್ಕಳ ಕೇಸು ನಡೆಯುವ ಕೋರ್ಟ್. ಮಕ್ಕಳ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳನ್ನು ಆಗ ಬಣ್ಣ ನೋಡಿ ಕೇಸುಗಳಿಗೆ ನೇಮಿಸುತ್ತಿದ್ದರು, ಸರ್ಕಾರದ ದುಡ್ಡು ಪಡೆಯುವ ಖಾಸಗಿ ಮಕ್ಕಳ ಸಂಸ್ಥೆಗಳೂ ಬಣ್ಣ ನೋಡಿಯೇ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದವು. ಎರಡನ್ನೂ ಬದಲಾಯಿಸಲು ಬೋಲಿನ್ ಹೋರಾಡಿದರು, ಗೆದ್ದರು. ಮಕ್ಕಳು ಹೆದರಬಾರದು ಅಂತ ಕಪ್ಪು ಗೌನು ಹಾಕುವುದನ್ನೂ ಬಿಟ್ಟಿದ್ದರಂತೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ. 40 ವರ್ಷ ಪೀಠದಲ್ಲಿದ್ದರು. 70ಕ್ಕೆ ನಿವೃತ್ತಿ ಕಡ್ಡಾಯ, ಅವರಿಗೋ ಮನಸ್ಸಿಲ್ಲ, ಹಾಗಾಗಿ ಆಮೇಲೆ ಶಾಲಾ ಮಕ್ಕಳಿಗೆ ಓದು ಹೇಳಿಕೊಟ್ಟರು. 2007ರಲ್ಲಿ, 98 ವರ್ಷಕ್ಕೆ ತೀರಿಕೊಂಡರು.