ನಿವೃತ್ತಿಯ ನೆಲೆ: ದಾವಣಗೆರೆಯೋ, ದುರ್ಗವೋ, ಹಳ್ಳಿಯೋ?

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ 31 ವರ್ಷ ದುಡಿದಿರುವ ನಾನು ಬರುವ ಮಾರ್ಚ್ ತಿಂಗಳಿನಲ್ಲಿ 58ನೇ ವಯಸ್ಸಿಗೆ ನಿವೃತ್ತನಾಗುತ್ತೇನೆ. ಪಿ.ಎಫ್. ಮತ್ತು ಗ್ರಾಚ್ಯುಯಿಟಿ ಸೇರಿ ಸುಮಾರು 38 ಲಕ್ಷ ರೂಪಾಯಿ ಕೈಸೇರಬಹುದು, ಇ.ಪಿ.ಎಸ್. (ನೌಕರರ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 4,500 ರೂಪಾಯಿ. ಬೆಂಗಳೂರಿನಲ್ಲಿ ಸ್ವಂತ ಮನೆಯಿಲ್ಲ, 17 ಸಾವಿರ ಬಾಡಿಗೆ ಕಟ್ಟುತ್ತಿದ್ದೇವೆ. ಪತ್ನಿಗೆ 54 ವರ್ಷ, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇವೆ. ಒಬ್ಬಳೇ ಮಗಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ ಹಿರಿಯರ ಮನೆಯಿದ್ದು, ಅಲ್ಲಿ ತಮ್ಮನ ಸಂಸಾರವಿದೆ. ಹಳ್ಳಿಗೆ ಹೋಗುವುದೋ, ಚಿತ್ರದುರ್ಗವೋ, ದಾವಣಗೆರೆಯೋ? ದಾವಣಗೆರೆಯ ಹೊರವಲಯದಲ್ಲಿ 30 ಲಕ್ಷದೊಳಗೆ ಒಂದು ಮನೆ ನೋಡಿದ್ದೇವೆ, ಕೊಳ್ಳಬಹುದೇ?
— ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಆ ಮನೆಯನ್ನು ಈಗ ಕೊಳ್ಳಬೇಡಿ. 38 ಲಕ್ಷದಲ್ಲಿ 30 ಲಕ್ಷ ಗೋಡೆಗೆ ಹೋದರೆ ಉಳಿಯುವುದು 8 ಲಕ್ಷ. ಅದಕ್ಕೆ ಶೇಕಡಾ 7ರ ಬಡ್ಡಿ ಹಿಡಿದರೂ ತಿಂಗಳಿಗೆ ಸುಮಾರು 4,700 ರೂಪಾಯಿ ಬರುತ್ತದೆ. ಪಿಂಚಣಿ ಸೇರಿಸಿದರೆ 9,200. ಸ್ವಂತ ಮನೆಯಲ್ಲಿ ಕುಳಿತು ಔಷಧಿಗೆ ಮಗಳ ಕೈ ನೋಡುವ ಸ್ಥಿತಿ ಅದು.

ಇದೇ 30 ಲಕ್ಷವನ್ನು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬೀಳುತ್ತದೆ. ಈ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದಾದರೂ ನೀವು ಇಟ್ಟ ದಿನದ ದರವೇ 5 ವರ್ಷ ನಿಮಗೆ ಅನ್ವಯಿಸುತ್ತದೆ. ಯೋಜನೆಗೆ ಸಾಮಾನ್ಯವಾಗಿ 60 ವರ್ಷ ತುಂಬಿರಬೇಕು. ಆದರೆ 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ 3 ತಿಂಗಳೊಳಗೆ ಆ ಹಣವನ್ನು ತೊಡಗಿಸಬಹುದು. ಈ ಗಡುವನ್ನು ಮರೆತು, ಹಣವನ್ನು ಉಳಿತಾಯ ಖಾತೆಯಲ್ಲಿಯೇ ಬಿಟ್ಟು ಮತ್ತೆ 60ರವರೆಗೆ ಕಾಯುವವರನ್ನು ನಾನು ಕಂಡಿದ್ದೇನೆ. ಖಾತೆ ತೆರೆಯುವಾಗಲೇ ಪತ್ನಿಯವರ ಹೆಸರನ್ನು ಜಂಟಿಯಾಗಿ ಸೇರಿಸಿ. ಹೀಗೆ ತಿಂಗಳಿಗೆ 25,000 ರೂಪಾಯಿ ಆದಾಯ, 8 ಲಕ್ಷ ಆಪತ್ಕಾಲದ ಗಂಟು ಎಂದಾಯಿತು. ನೀವು ಆರಿಸುವ ಊರು ಈ 25,000ದೊಳಗೆ ನಿಮ್ಮಿಬ್ಬರನ್ನು ಸಾಕಬೇಕು, ಮುಂದೊಂದು ದಿನ ಒಬ್ಬರನ್ನೇ ಸಾಕಬೇಕಾದಾಗಲೂ ಸಾಕಬೇಕು. ಇ.ಪಿ.ಎಸ್.ನಲ್ಲಿ ಪಿಂಚಣಿದಾರರ ನಂತರ ಪತ್ನಿಗೆ ಬರುವುದು ಅರ್ಧ ಮಾತ್ರ ಎಂಬುದು ನಿಮ್ಮ ಲೆಕ್ಕದಲ್ಲಿರಲಿ.

ಇನ್ನು ಊರಿನ ಮಾತು. ಜಗಳೂರಿನವರಿಗೆ ಎರಡು ಊರುಗಳೂ ಪರಸ್ಥಳವಲ್ಲ. 1997ರವರೆಗೆ ದಾವಣಗೆರೆಯೇ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದುರ್ಗದ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಲ್ಲಿಯ ಗಾಳಿ, ಬೆಳಗಿನ ಹೊತ್ತು ಚಂದ್ರವಳ್ಳಿಯ ಕಡೆಗಿನ ನಡಿಗೆ, ಸಂಜೆಗೆ ಕೋಟೆಯ ಬಂಡೆಗಳ ಬಣ್ಣ, ಇವು ದಾವಣಗೆರೆಯಲ್ಲಿ ದೊರೆಯುವುದಿಲ್ಲ. ದಾವಣಗೆರೆಯ ಏಪ್ರಿಲ್ ತಿಂಗಳ ಸೆಕೆಯನ್ನು ಬೆಂಗಳೂರಿನಲ್ಲಿ ಮೂರು ದಶಕ ಕಳೆದವರು ಸುಲಭಕ್ಕೆ ತಾಳಿಕೊಳ್ಳಲಾರರು. ಆದರೂ ನಿಮ್ಮ ಮನೆಯ ಸಂಗತಿಯಲ್ಲಿ ನಾನು ದಾವಣಗೆರೆಯನ್ನೇ ಹೇಳುತ್ತೇನೆ, ಅದಕ್ಕೆ ಮುಖ್ಯ ಕಾರಣ ನಿಮ್ಮ ಪತ್ನಿಯವರ ಆರೋಗ್ಯ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಆಮೇಲೆ ಬಂದ ಎಸ್.ಎಸ್. ವೈದ್ಯಕೀಯ ಕಾಲೇಜು, ಅವುಗಳ ಸುತ್ತ ಬೆಳೆದ ಹೃದಯ, ಮೂತ್ರಪಿಂಡ, ಕಣ್ಣಿನ ತಜ್ಞರ ದವಾಖಾನೆಗಳು, ಎಲ್ಲವೂ ಒಂದೇ ಊರಿನಲ್ಲಿವೆ. ದುರ್ಗದಲ್ಲಿಯೂ ಜಿಲ್ಲಾಸ್ಪತ್ರೆ, ಬಸವೇಶ್ವರ ವೈದ್ಯಕೀಯ ಕಾಲೇಜು ಇವೆಯಾದರೂ ತುರ್ತಿನಲ್ಲಿ ಅಲ್ಲಿಂದ ದಾವಣಗೆರೆಗೆ ಕಳುಹಿಸುವ ರೂಢಿ ಇಂದಿಗೂ ಇದೆ. ಸಕ್ಕರೆ ಕಾಯಿಲೆಯವರಿಗೆ ಕಣ್ಣು, ಕಾಲು, ಮೂತ್ರಪಿಂಡಗಳ ತಪಾಸಣೆ ವರ್ಷವರ್ಷವೂ ಇರುತ್ತದೆ. ಪ್ರತಿ ಬಾರಿಯೂ 60 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿಬರಬೇಕೆಂದಾದರೆ ನಾಲ್ಕನೇ ಸಲಕ್ಕೆ ತಪಾಸಣೆಯೇ ನಿಂತುಹೋಗುತ್ತದೆ.

ಎರಡನೆಯದು ಮಗಳ ಊರಿನ ದಾರಿ. ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗದಲ್ಲಿದ್ದು, ಧಾರವಾಡದ ವಂದೇ ಭಾರತ್ ರೈಲೂ ಇಲ್ಲಿ ನಿಲ್ಲುತ್ತದೆ. ದುರ್ಗ ಇರುವುದು ಚಿಕ್ಕಜಾಜೂರಿನಿಂದ ಕವಲೊಡೆದ ಮಾರ್ಗದಲ್ಲಿ. ತುಮಕೂರಿನಿಂದ ನೇರವಾಗಿ ಬರಬೇಕಾದ ಹೊಸ ಮಾರ್ಗ ಮುಗಿಯುವವರೆಗೆ ಅಲ್ಲಿಯವರಿಗೆ ಹೆಚ್ಚಾಗಿ ಬಸ್ಸೇ ಗತಿ. ಹೆದ್ದಾರಿ ಚೆನ್ನಾಗಿದೆ ನಿಜ, ಆದರೆ ಎಪ್ಪತ್ತರ ವಯಸ್ಸಿನಲ್ಲಿ ಶೌಚಾಲಯವಿರುವ ರೈಲಿನ ಬೆಲೆ ತಿಳಿಯುತ್ತದೆ.

ಹಳ್ಳಿಯ ವಿಚಾರದಲ್ಲಿ ನಿಮ್ಮ ಮನಸ್ಸು ನೋಯಬಹುದು. ಬಾಡಿಗೆ ಇಲ್ಲ ಎಂಬ ಕಾರಣಕ್ಕೆ ಹಳ್ಳಿ ಅಗ್ಗವೆಂದು ತೋರುತ್ತದೆ. ಜಗಳೂರು ಬರದ ಸೀಮೆ. ಅಲ್ಲಿಯ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತರಬೇಕು. ಹಿರಿಯೂರಿನ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೊಮ್ಮೆ ಬಿದ್ದಿದ್ದನ್ನು ಕಂಡು ಇಡೀ ಸೀಮೆಯೇ ಹಸಿರಾಯಿತೆಂದು ಹಳ್ಳಿಗೆ ಮರಳಿದವರಿದ್ದಾರೆ. ನಡುವಿನ 89 ವರ್ಷಗಳನ್ನೂ ಅವರು ಎಣಿಸಬೇಕಿತ್ತು. ಇದಕ್ಕಿಂತ ಸೂಕ್ಷ್ಮವಾದದ್ದು ತಮ್ಮನ ಸಂಗತಿ. ಪೌತಿ ಖಾತೆ (ತೀರಿಕೊಂಡವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗಿದೆಯೇ, ಮನೆ ಯಾರ ಹೆಸರಿನಲ್ಲಿದೆ, ಪಾಲು ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಇಷ್ಟು ವರ್ಷ ತಂದೆತಾಯಿಯರನ್ನೂ ಹೊಲವನ್ನೂ ನೋಡಿಕೊಂಡವರ ಮನೆಯಲ್ಲಿ ಹಬ್ಬಕ್ಕೆ ಬರುವ ಅಣ್ಣನಾಗಿ ಇರುವುದು ಬೇರೆ, ಒಂದು ಕೋಣೆಯನ್ನು ಕೇಳುವ ಅಣ್ಣನಾಗಿ ಇರುವುದು ಬೇರೆ. ದಾವಣಗೆರೆಯಲ್ಲಿದ್ದರೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು.

ದಾವಣಗೆರೆಯಲ್ಲಿಯೂ ಮೊದಲ ವರ್ಷ ಬಾಡಿಗೆಗೇ ಇರಿ, ಆ ವರ್ಷದೊಳಗೆ ಏಪ್ರಿಲ್ ಮತ್ತು ಮೇ ಕಡ್ಡಾಯವಾಗಿ ಸೇರಿರಲಿ. 9–10 ಸಾವಿರಕ್ಕಿಂತ ಮೇಲೆ ಬಾಡಿಗೆಗೆ ಹೋಗಬೇಡಿ. ಹೊಸ ಬಡಾವಣೆಯ ದೊಡ್ಡ ಮನೆಗಿಂತ ಎಂ.ಸಿ.ಸಿ. ‘ಬಿ’ ಬ್ಲಾಕ್, ಪಿ.ಜೆ. ಬಡಾವಣೆ, ವಿದ್ಯಾನಗರದಂತಹ ಹಳೆಯ ಬಡಾವಣೆಗಳಲ್ಲಿ ನೆಲಮಹಡಿಯ ಎರಡು ಕೋಣೆಗಳ ಮನೆ ಸಾಕು: ತರಕಾರಿ, ಔಷಧಿ ಅಂಗಡಿ, ಆಟೊ ಕಾಲ್ನಡಿಗೆಯಲ್ಲಿರುತ್ತವೆ. ನನ್ನ ಸೋದರಮಾವ ನಿವೃತ್ತಿಯ ಹಣವೆಲ್ಲ ಸುರಿದು ರಿಂಗ್ ರಸ್ತೆಯಾಚೆ ಮಹಡಿ ಮನೆ ಕಟ್ಟಿಸಿದರು. ಅವರು ತೀರಿಕೊಂಡ ಮೇಲೆ ಮೊಣಕಾಲು ನೋವಿನ ಅತ್ತೆ ಎರಡು ವರ್ಷ ಮೇಲಿನ ಕೋಣೆಗಳ ಬೀಗವನ್ನೇ ತೆಗೆಯಲಿಲ್ಲ. ಮನೆ ನೋಡಲು ಹೋದಾಗ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆಂದು ಕೇಳಿ. ವರ್ಷದ ನಂತರವೂ ಕೊಳ್ಳುವ ಮನಸ್ಸಿದ್ದರೆ ಇ-ಖಾತೆ, ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಮತ್ತು ಜಮೀನಿನ ಭೂಪರಿವರ್ತನೆ ಆದೇಶ, ಈ ಮೂರನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ಕೆಲಸದಲ್ಲಿರುವಾಗಲೇ ಮುಗಿಸಬೇಕಾದ್ದು ಒಂದಿದೆ. ಕಾರ್ಖಾನೆಯ ಗುಂಪು ಆರೋಗ್ಯ ವಿಮೆ ನಿವೃತ್ತಿಯೊಂದಿಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಈಗಾಗಲೇ ಇರುವ ಕಾಯಿಲೆಗಳಿಗೆ 3 ವರ್ಷಗಳವರೆಗೆ ಕಾಯುವ ಅವಧಿ ಇರಬಹುದು. ಆದ್ದರಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಸಾಧ್ಯವೇ ಎಂದು ಈ ತಿಂಗಳೇ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲವಾಗಿರುವುದು ಸಣ್ಣ ಅನುಕೂಲ. ಇ.ಪಿ.ಎಸ್. ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಡೆಯಬಹುದಾದ್ದರಿಂದ ಊರು ಬದಲಾವಣೆಯ ಭಯ ಅದಕ್ಕೆ ಬೇಡ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಒಂಟಿ. ದಾವಣಗೆರೆಯಲ್ಲಿ 8 ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಮನೆ ಸಿಗುತ್ತಿದೆ. ಬಾಡಿಗೆಯೇ ಇಲ್ಲವಲ್ಲ, ಲಾಭವಲ್ಲವೇ?
— ಓದುಗರು, ಹರಿಹರ

ಉತ್ತರ: ಬಾಡಿಗೆ ಇದೆ, ಮೇಡಂ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಮೇಲೆ ಹೇಳಿದ 8.2ರ ದರದಲ್ಲಿ 8 ಲಕ್ಷಕ್ಕೆ ವರ್ಷಕ್ಕೆ 65,600 ರೂಪಾಯಿ, ತಿಂಗಳಿಗೆ ಸುಮಾರು 5,500 ರೂಪಾಯಿ ಬಡ್ಡಿ ಬರುತ್ತದೆ; ನೀವು ಬಿಟ್ಟುಕೊಡುವುದು ಅಷ್ಟನ್ನು. ಅಂತಹ ಮನೆಗೆ ಬಾಡಿಗೆ ಅದಕ್ಕಿಂತ ಹೆಚ್ಚಿದ್ದರೆ ಭೋಗ್ಯ ಲಾಭವೇ ಸರಿ. ಆದರೆ ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಛಾಪಾ ಕಾಗದದ ಮೇಲಿನ ಸಹಿಯನ್ನಷ್ಟೇ ನಂಬಬೇಡಿ. ಋಣಭಾರ ಪತ್ರ ತೆಗೆಸಿದ ಮೇಲೂ ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಲು ಕೇಳಿ. ಅದು ಬ್ಯಾಂಕಿನಲ್ಲಿದೆ ಎಂದು ಮಾಲೀಕರು ಹೇಳಿದರೆ ಮನೆಯ ಮೇಲೆ ಸಾಲವಿರುವ ಸಂಭವವೇ ಹೆಚ್ಚು. ಆಗ ಆ ಮನೆಯನ್ನು ಬಿಟ್ಟು ಬೇರೆ ನೋಡಿ.