ಫ್ಲ್ಯಾಟಿನಲ್ಲಿ ಶಿಟ್ಜು ನಾಯಿ ಸಾಕಬಹುದೇ?

ಮಕ್ಕಳಿರುವ ಫ್ಲ್ಯಾಟಿಗೆ ಶಿಟ್ಜು ಹೊಂದುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೊಂದುತ್ತದೆ, ಬಾಚಣಿಗೆ ಹಿಡಿಯುವ ತಾಳ್ಮೆ ನಿಮಗಿದ್ದರೆ.

ಟಿಬೆಟ್ ಮೂಲದ, ಚೀನಾದ ಅರಮನೆಯಲ್ಲಿ ಮುದ್ದಾಗಿ ಬೆಳೆದ ತಳಿ ಇದು. ಹೆಸರಿನ ಅರ್ಥ ಸಿಂಹ. ಸ್ವಭಾವದಲ್ಲಿ ಸಿಂಹದ ಸುಳಿವೂ ಇಲ್ಲ. ತೂಕ 4ರಿಂದ 7 ಕೆ.ಜಿ. ಕಾವಲಿಗೆಂದು ತಂದರೆ ಕಳ್ಳನಿಗೂ ಬಾಲ ಅಲ್ಲಾಡಿಸೀತು. ತುಸು ಹಟಮಾರಿಯಾದ್ದರಿಂದ ಶೌಚದ ಅಭ್ಯಾಸ ಮಾಡಿಸಲು ಸಮಯ ಬೇಕು; ಗದರಿದರೆ ಪ್ರಯೋಜನವಿಲ್ಲ, ತಿನಿಸು ಕೊಟ್ಟು ಒಲಿಸಬೇಕು.

ಕೂದಲೇ ದೊಡ್ಡ ಕೆಲಸ. ಅದು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ನೆಲಕ್ಕೆ ಉದುರುವುದು ಕಡಿಮೆ, ಆದರೆ ಉದುರಿದ್ದು ಒಳಗೇ ಸಿಕ್ಕಿಕೊಂಡು ಕಿವಿಯ ಹಿಂದೆ, ಕಾಲುಗಳ ಸಂದಿಯಲ್ಲಿ ಗಂಟಾಗುತ್ತದೆ. ದಿನವೂ ಬಾಚಲಾಗದವರು ಗಿಡ್ಡವಾಗಿ ಕತ್ತರಿಸಿಬಿಡುವುದೇ ಮೇಲು. ಉದ್ದ ಕೂದಲು ಫೋಟೊಗೆ ಚೆಂದ, ಅಷ್ಟೆ. ಉಬ್ಬುಗಣ್ಣಿಗೆ ಬೇಗ ಪೆಟ್ಟಾಗುತ್ತದೆ. ಕಣ್ಣು ಕೆಂಪಾದರೆ ಅಥವಾ ಮುಚ್ಚಿಕೊಂಡೇ ಇದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಚಪ್ಪಟೆ ಮೂಗಿನ ನಾಯಿಗೆ ಸೆಕೆ ಅಪಾಯಕಾರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಸಾಲದು, ಕೂಲರ್ ಅಥವಾ ಎಸಿ ಬೇಕಾಗುತ್ತದೆ. ವಾಯುವಿಹಾರವನ್ನು ಬೆಳಗಿನ ತಂಪಿನಲ್ಲೇ ಮುಗಿಸಿ. ಕೊರಳಪಟ್ಟಿಗಿಂತ ಎದೆಪಟ್ಟಿ ಕಟ್ಟಿದರೆ ಉಸಿರಾಟಕ್ಕೆ ತೊಂದರೆಯಾಗದು. ಮನೆಯವರೆಲ್ಲ ದಿನವಿಡೀ ಹೊರಗಿರುವುದಾದರೆ ಮಾತ್ರ ತರಬೇಡಿ.